ಪರ್ಸೆಂಟ್ ಬಿಡಿ, ದಪ್ಪ ನೋಡಿ

ಹವಾಮಾನ ಬದಲಾವಣೆ ಬಗ್ಗೆ ಎಲ್ಲೇ ಮಾತಾಡಿದ್ರೂ ಕೊನೆಗೆ ಒಬ್ರು ಎದ್ದು ನಿಂತು ಕೇಳೋದು ಇದನ್ನೇ. ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಇರೋದೇ 0.04 ಪರ್ಸೆಂಟು, ಅಷ್ಟರಿಂದ ಭೂಮಿ ಬಿಸಿಯಾಗುತ್ತಾ ಸಾರ್? ಕೇಳೋದು ತಪ್ಪಲ್ಲ, ಆದ್ರೆ ಉತ್ತರ ಕೊಟ್ಟ ಮೇಲೂ ಆ ಪರ್ಸೆಂಟನ್ನೇ ಹಿಡ್ಕೊಂಡು ಕೂತ್ರೆ ನಂಗೆ ತಾಳ್ಮೆ ಕೆಡುತ್ತೆ.

ಒಣ ಗಾಳೀಲಿ 99 ಭಾಗ ನೈಟ್ರೋಜನ್ನು, ಆಕ್ಸಿಜನ್ನು. ನೆಲದ ಶಾಖ ಹೊತ್ತು ಮೇಲಕ್ಕೆ ಹೋಗೋ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಕ್ಕೆ ಇವೆರಡೂ ಹೆಚ್ಚುಕಮ್ಮಿ ಅಡ್ಡಾನೇ ಬರಲ್ಲ. ಕಾರ್ಬನ್ ಡೈಆಕ್ಸೈಡ್ ಅಣು ಮಾತ್ರ 15 ಮೈಕ್ರಾನ್ ಆಸುಪಾಸಿನ ತರಂಗಾಂತರದ ಕಿರಣ ಹೀರ್ಕೊಂಡು ಬಾಗಿ ಕಂಪಿಸುತ್ತೆ, ಭೂಮಿ ಜೋರಾಗಿ ಶಾಖ ಹೊರಹಾಕೋದೂ ಅಲ್ಲೇ. ಕೆಲಸ ಮಾಡದ 99 ಭಾಗಾನೂ ಸೇರಿಸಿ ಭಾಗಿಸಿದ್ರೆ ಸಣ್ಣ ನಂಬರ್ ಬರದೇ ಇನ್ನೇನು ಬರುತ್ತೆ? ಕಿರಣದ ದಾರೀಲಿ ಎಷ್ಟು ಅಣು ಎದುರಾಗುತ್ತೆ, ಅದು ಲೆಕ್ಕ. ವಾತಾವರಣದಲ್ಲಿರೋ ಓಝೋನ್ ಎಲ್ಲಾನೂ ನೆಲಮಟ್ಟದ ಒತ್ತಡಕ್ಕೆ ತಂದು ಹಾಸಿದ್ರೆ ಸುಮಾರು 3 ಮಿಲಿಮೀಟರ್ ದಪ್ಪ ಆಗುತ್ತೆ, ಅಷ್ಟೇ ಓಝೋನ್ ನಮ್ಮನ್ನ ಅಲ್ಟ್ರಾವಯೊಲೆಟ್‌ನಿಂದ ಕಾಯ್ತಿರೋದು. ಕಾರ್ಬನ್ ಡೈಆಕ್ಸೈಡನ್ನ ಹಾಗೇ ಹಾಸಿದ್ರೆ 3 ಮೀಟರ್‌ಗೂ ಜಾಸ್ತಿ.

ಇಂಜಿನಿಯರ್ ಒಬ್ರು, ಲೆಕ್ಕ ಸಾಕು ಕಣ್ಣಿಗೆ ತೋರಿಸಿ ಅಂದ್ರು. ಎರಡೂ ತುದಿಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದ ಕೊಳವೆ, ಆ ಕಡೆ ಮೇಣದಬತ್ತಿ, ಈ ಕಡೆ ಇನ್‌ಫ್ರಾರೆಡ್ ಕ್ಯಾಮೆರಾ. ಕೊಳವೆಯೊಳಗೆ ಕಾರ್ಬನ್ ಡೈಆಕ್ಸೈಡ್ ಬಿಡ್ತಾ ಬಿಡ್ತಾ ಸ್ಕ್ರೀನಲ್ಲಿ ಜ್ವಾಲೆ ಮಸುಕಾಗಿ ಮಾಯ ಆಯ್ತು, ಪಕ್ಕಕ್ಕೆ ಬಗ್ಗಿ ನೋಡಿದ್ರೆ ಬತ್ತಿ ಉರೀತಾನೇ ಇದೆ. ಅವ್ರು ಮತ್ತೆ ಮತ್ತೆ ಬಗ್ಗಿ ನೋಡಿದ್ರು, ನಂಗೆ ತುಂಬಾ ಖುಷಿ ಆಯ್ತು. (ಮಾಮೂಲಿ ಥರ್ಮಲ್ ಕ್ಯಾಮೆರಾದಲ್ಲಿ ಹೀಗೆ ಕಾಣಲ್ಲ, 4.3 ಮೈಕ್ರಾನ್ ಫಿಲ್ಟರ್ ಇರೋದೇ ಬೇಕು. ಇದು ಬೇರೆ ಬ್ಯಾಂಡ್, ಅಂದ್ರೆ ಬೇರೆ ತರಂಗಾಂತರದ ಪಟ್ಟಿ, ಆದ್ರೆ ಅದೇ ಗ್ಯಾಸ್ ಹೀರೋದು.)

ಸ್ವಲ್ಪ ಓದ್ಕೊಂಡೋರ ವಾದ ಬೇರೆ, ಆ 15 ಮೈಕ್ರಾನ್ ಕಿರಣ ಆಗ್ಲೇ ಪೂರ್ತಿ ಹೀರಿ ಆಗಿದೆ, ಇನ್ನಷ್ಟು ಗ್ಯಾಸ್ ಸೇರಿದ್ರೆ ಏನು ಅಂತ. ಆದ್ರೆ ಆ ಬ್ಯಾಂಡಲ್ಲಿ ಶಾಖ ಹೊರಗೆ ಹೋಗೋದು ನೆಲದಿಂದಲ್ಲ, ಬಹುಪಾಲು ಮೇಲಿನ ತೆಳು ಗಾಳಿಯಿಂದ. ಗ್ಯಾಸ್ ಹೆಚ್ಚಾದ್ರೆ ಆ ಎತ್ತರ ಇನ್ನೂ ಮೇಲೆ ಹೋಗುತ್ತೆ, ಅಲ್ಲಿ ಚಳಿ ಜಾಸ್ತಿ, ಹೊರಗೆ ಹೋಗೋ ಶಾಖ ಕಮ್ಮಿ, ಬಿಸಿಲು ಮಾತ್ರ ಮೊದಲಿನಷ್ಟೇ ಬರ್ತಿರುತ್ತೆ, ಹಾಗಾಗಿ ಕೆಳಗೆ ಬಿಸಿ ಏರುತ್ತೆ. ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದಾಗ ಕೆಳಗೆ ಬಿಸಿ, ಮೇಲಿನ ಪದರ ಸ್ಟ್ರಾಟೋಸ್ಫಿಯರ್ ತಣ್ಣಗೆ ಅಂತ ಬಂದಿತ್ತು, ಆಮೇಲೆ ಅಳತೆಯಲ್ಲೂ ಹಾಗೇ ಸಿಕ್ತು. ಸೂರ್ಯನೇ ಕಾರಣ ಆಗಿದ್ರೆ ಎರಡೂ ಬಿಸಿ ಆಗ್ಬೇಕಿತ್ತು.

ಎಷ್ಟು ಬಿಸಿ ಅಂತ ಕೇಳಿದ್ರೆ ನಾನು ಹುಷಾರಾಗೇ ಮಾತಾಡ್ತೀನಿ. ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದ್ರೆ ಬಹುಶಃ 2.5ರಿಂದ 4 ಡಿಗ್ರಿ. ಇಷ್ಟು ಅಂತರ ಇರೋದಕ್ಕೆ ದೊಡ್ಡ ಕಾರಣ ಮೋಡ, ತಗ್ಗಿನ ಮೋಡ ಬಿಸಿಲನ್ನ ವಾಪಸ್ ಕಳಿಸುತ್ತೆ, ಎತ್ತರದ್ದು ಶಾಖ ಹಿಡಿಯುತ್ತೆ. ಜಗಳ ಆಡೋದಿದ್ರೆ ಮೋಡದ ವಿಷಯಕ್ಕೆ ಬನ್ನಿ, ಎಷ್ಟು ಹೊತ್ತಾದ್ರೂ ಕೂರ್ತೀನಿ.