ಒಂದೇ ಸರ್ವರ್, ಸೈಟಿಗೊಂದು ಪಿಎಚ್‌ಪಿ

ವೆಬ್‌ಸೈಟ್‌ಗಳನ್ನು ಬರೆಯುವ ಭಾಷೆ ಪಿಎಚ್‌ಪಿ; ಅದರ 7.4 ಆವೃತ್ತಿಗೆ ಭದ್ರತಾ ಅಪ್‌ಡೇಟ್‌ಗಳು ನಿಂತದ್ದು 2022ರ ನವೆಂಬರ್ 28ಕ್ಕೆ. ಆದರೂ ಅದರ ಮೇಲೇ ಓಡುತ್ತಿರುವ ಸೈಟ್‌ಗಳು ಇನ್ನೂ ಬೇಕಾದಷ್ಟಿವೆ: ಹಳೆಯ ಥೀಮ್ ಹಾಕಿಕೊಂಡ ವರ್ಡ್‌ಪ್ರೆಸ್, ಬರೆದವರು ಈಗ ಕೈಗೆ ಸಿಗದ ಶಾಲೆಯ ಫೀ ಸಾಫ್ಟ್‌ವೇರ್, ಸಹಕಾರ ಸಂಘದ ಲೆಕ್ಕದ ಪುಟ. ಅದೇ ಯಂತ್ರದಲ್ಲಿ ಹೊಸ ಸೈಟ್ ಹಾಕಹೊರಟರೆ ಅದು 8.3 ಕೇಳುತ್ತದೆ. ಆಗ ಕೆಲವರು ಇಡೀ ಸರ್ವರನ್ನೇ ಮೇಲಿನ ಆವೃತ್ತಿಗೆ ಏರಿಸಿ ಹಳೆಯ ಸೈಟನ್ನು ಮುರಿದುಕೊಳ್ಳುತ್ತಾರೆ. ಇನ್ನು ಕೆಲವರು ಹಳೆಯದಕ್ಕೆ ಹೆದರಿ ಎಲ್ಲವನ್ನೂ 7.4ರಲ್ಲೇ ಉಳಿಸುತ್ತಾರೆ. ಎರಡರ ಅಗತ್ಯವೂ ಇಲ್ಲ. ಯಾವ ಆವೃತ್ತಿ ಎಂಬುದು ಸೈಟಿನ ಮಟ್ಟದಲ್ಲಿ ತೀರ್ಮಾನವಾಗಬೇಕು, ಸರ್ವರಿನ ಮಟ್ಟದಲ್ಲಲ್ಲ.

ಮೊದಲು ಅಪಾಚೆ ಎಂಬ ವೆಬ್ ಸರ್ವರಿನೊಳಗೆ ಕೂರುವ ಹಳೆಯ ಪಿಎಚ್‌ಪಿ ಮಾಡ್ಯೂಲನ್ನು ಬಿಡಬೇಕು. ಆ ಮಾಡ್ಯೂಲ್ ಅಪಾಚೆಯ ಪ್ರೊಸೆಸ್ಸಿನೊಳಗೇ ಸೇರಿಕೊಳ್ಳುವುದರಿಂದ ಎರಡು ಆವೃತ್ತಿಗಳನ್ನು ಒಟ್ಟಿಗೆ ಲೋಡ್ ಮಾಡಲು ಬರುವುದಿಲ್ಲ. ಬದಲಿಗೆ ಪಿಎಚ್‌ಪಿಯನ್ನು ವೆಬ್ ಸರ್ವರಿನ ಹೊರಗೆ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಬಳಸಿ, ಇದು 5.3.3ರಿಂದಲೇ ಪಿಎಚ್‌ಪಿಯ ಜೊತೆಗೆ ಬರುತ್ತಿದೆ. ಎಫ್‌ಪಿಎಂನಲ್ಲಿ ಪ್ರತಿ ಆವೃತ್ತಿಯೂ ಬೇರೆ ಸರ್ವೀಸ್ ಆಗಿ ಓಡುತ್ತದೆ, ಕೋರಿಕೆ ಪಡೆಯುವ ಬಾಗಿಲಿನಂತಿರುವ ತನ್ನದೇ ಸಾಕೆಟ್ ಫೈಲಿನಲ್ಲಿ ಕಾಯುತ್ತದೆ. ವೆಬ್ ಸರ್ವರ್ ಮಾಡುವುದಿಷ್ಟೇ: ಈ ಸೈಟಿನ ಕೋರಿಕೆಯನ್ನು ಈ ಸಾಕೆಟ್ಟಿಗೆ, ಆ ಸೈಟಿನದನ್ನು ಆ ಸಾಕೆಟ್ಟಿಗೆ ದಾಟಿಸುವುದು.

ಉಬುಂಟು 24.04ರ ಜೊತೆಗೆ ಬರುವುದು 8.3 ಒಂದೇ. ಉಳಿದವು ಬೇಕಾದರೆ ಡೆಬಿಯನ್‌ನ ಪಿಎಚ್‌ಪಿ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಒಂದ್ರೆಯ್ ಸುರೀ ಅವರ ಭಂಡಾರವನ್ನು ಸೇರಿಸಿಕೊಳ್ಳಬೇಕು. ಆಲ್ಮಾ, ರಾಕಿ ಲಿನಕ್ಸ್‌ಗಳಲ್ಲಿ ಅದೇ ಕೆಲಸಕ್ಕೆ ರೆಮಿ ಕೊಲೆ ಅವರ ಭಂಡಾರವಿದೆ. ಪ್ಯಾಕೇಜ್ ಹಾಕುವಾಗ ಒಂದು ಶಿಸ್ತು ಇರಲಿ. ಆವೃತ್ತಿಯ ಅಂಕಿ ಇಲ್ಲದ ಹೆಸರನ್ನು ಎಂದೂ ಟೈಪ್ ಮಾಡಬೇಡಿ. ಬರಿದೇ 'ಪಿಎಚ್‌ಪಿ' ಎಂದೋ 'ಪಿಎಚ್‌ಪಿ-ಮೈಎಸ್‌ಕ್ಯುಎಲ್' ಎಂದೋ ಕೊಟ್ಟರೆ ಭಂಡಾರದಲ್ಲಿರುವ ಅತಿ ಹೊಸ ಆವೃತ್ತಿ ನೀವು ಕೇಳದೆಯೇ ಬಂದು ಕೂರುತ್ತದೆ. 7.4-ಎಫ್‌ಪಿಎಂ, 7.4-ಮೈಎಸ್‌ಕ್ಯುಎಲ್, 7.4-ಎಂಬಿಸ್ಟ್ರಿಂಗ್, 7.4-ಎಕ್ಸ್‌ಎಂಎಲ್, 7.4-ಕರ್ಲ್, 7.4-ಜಿಡಿ, 7.4-ಜಿಪ್, ಹೀಗೆ ಒಂದೊಂದನ್ನೂ ಅಂಕಿ ಸಮೇತ ಹೇಳಿ, ನಂತರ ಅದೇ ಪಟ್ಟಿಯನ್ನು 8.3ಕ್ಕೂ ಹಾಕಿ. ಎಕ್ಸ್‌ಟೆನ್ಷನ್‌ಗಳು ಆವೃತ್ತಿಗಳ ನಡುವೆ ಹಂಚಿಕೆಯಾಗುವುದಿಲ್ಲ.

ಬಹುಬೈಟ್ ಅಕ್ಷರಗಳನ್ನು ಸರಿಯಾಗಿ ಎಣಿಸಿ ಕತ್ತರಿಸುವ ಎಂಬಿಸ್ಟ್ರಿಂಗ್ ಎಕ್ಸ್‌ಟೆನ್ಷನ್ ವಿಷಯದಲ್ಲಿ ಕನ್ನಡ ಸೈಟ್ ನಡೆಸುವವರು ಹೆಚ್ಚು ಎಚ್ಚರವಾಗಿರಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಕನ್ನಡ' ಎಂಬ ಪದ ಸಾಮಾನ್ಯ ಸ್ಟ್ರಿಂಗ್ ಫಂಕ್ಷನ್ನಿಗೆ 15 ಬೈಟ್‌ಗಳಾಗಿ ಕಾಣುತ್ತದೆ, ಎಂಬಿಸ್ಟ್ರಿಂಗ್‌ಗೆ 5 ಸಂಕೇತಗಳಾಗಿ. ಹಳೆಯ ಕೋಡ್ ಸುದ್ದಿಯ ತಲೆಬರಹವನ್ನು ಸಾಮಾನ್ಯ ಸಬ್‌ಸ್ಟ್ರಿಂಗ್ ಫಂಕ್ಷನ್ನಿನಿಂದ 100 ಬೈಟಿಗೆ ಕತ್ತರಿಸುತ್ತಿದೆ ಎಂದಿಟ್ಟುಕೊಳ್ಳಿ. ಸಾಲಿನಲ್ಲಿ ಕನ್ನಡದ ಜೊತೆ ಖಾಲಿ ಜಾಗ, ಚಿಹ್ನೆಗಳು ಬೆರೆತರೆ ಕತ್ತರಿ ಎಷ್ಟೋ ಸಲ ಅಕ್ಷರದ ನಡುವೆಯೇ ಬೀಳುತ್ತದೆ. ಮುರಿದ ಆ ಸಾಲು ಮುಂದೆ ಎಚ್‌ಟಿಎಂಎಲ್ ಚಿಹ್ನೆಗಳನ್ನು ಶುದ್ಧಮಾಡುವ ಫಂಕ್ಷನ್ನಿಗೆ ಹೋದಾಗ 7.4ರಲ್ಲಿ ಬರುವ ಉತ್ತರ ಖಾಲಿ: ತಲೆಬರಹವೇ ಮಾಯ. ಅದೇ ಕೋಡನ್ನು 8.3ರ ಸಾಕೆಟ್ಟಿಗೆ ತಿರುಗಿಸಿದರೆ ತಲೆಬರಹ ಬರುತ್ತದೆ, ಕೊನೆಯಲ್ಲೊಂದು ಪ್ರಶ್ನೆಚಿಹ್ನೆಯ ಕರಿ ವಜ್ರದೊಂದಿಗೆ. ಆ ಫಂಕ್ಷನ್ನಿನ ಡಿಫಾಲ್ಟ್ 8.1ರಲ್ಲಿ ಬದಲಾದದ್ದೇ ಇದಕ್ಕೆ ಕಾರಣ. ಇದನ್ನು ಕಂಡವರು ಫಾಂಟನ್ನೋ ಡೇಟಾಬೇಸನ್ನೋ ದೂರುತ್ತಾರೆ. ಸರಿಪಡಿಸಬೇಕಾದದ್ದು ಕತ್ತರಿಸುವ ಸಾಲನ್ನು.

ಅಪಾಚೆಯಲ್ಲಿ ಜೋಡಣೆ ಹೀಗೆ. ಹಳೆಯ ಪಿಎಚ್‌ಪಿ ಮಾಡ್ಯೂಲ್ ಮತ್ತು ಪ್ರಿಫೋರ್ಕ್ ಎಂಪಿಎಂ (ಅಪಾಚೆ ಕೋರಿಕೆಗಳನ್ನು ನಿಭಾಯಿಸುವ ವಿಧಾನ) ಎರಡನ್ನೂ ನಿಷ್ಕ್ರಿಯಗೊಳಿಸಿ, ಈವೆಂಟ್ ಎಂಪಿಎಂ ಮತ್ತು ಪ್ರಾಕ್ಸಿ-ಎಫ್‌ಸಿಜಿಐ ಮಾಡ್ಯೂಲ್‌ಗಳನ್ನು ಸಕ್ರಿಯಗೊಳಿಸಿ. ಪ್ರತಿ ಸೈಟಿನ ವರ್ಚುವಲ್ ಹೋಸ್ಟಿನಲ್ಲಿ ಪಿಎಚ್‌ಪಿ ಫೈಲ್‌ಗಳಿಗೆ ಅನ್ವಯಿಸುವ ಫೈಲ್ಸ್‌ಮ್ಯಾಚ್ ಬ್ಲಾಕ್ ಬರೆದು, ಅದರೊಳಗೆ ಸೆಟ್‌ಹ್ಯಾಂಡ್ಲರ್ ಸಾಲಿನಲ್ಲಿ ಆ ಸೈಟಿನ ಸಾಕೆಟ್ ದಾರಿ ಕೊಡಿ. ಇನ್ನೊಂದು ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಬಳಸುತ್ತಿದ್ದರೆ ಸರ್ವರ್ ಬ್ಲಾಕಿನ ಫಾಸ್ಟ್‌ಸಿಜಿಐ ಪಾಸ್ ಸಾಲಿನಲ್ಲಿ ಸಾಕೆಟ್ಟಿನ ಹೆಸರು ಬದಲಿಸಿದರೆ ಮುಗಿಯಿತು. ಪಿಎಚ್‌ಪಿ ಪ್ಯಾಕೇಜಿನ ಜೊತೆ ಬರುವ ಎಫ್‌ಪಿಎಂ ಕಾನ್ಫ್ ಫೈಲ್‌ಗಳನ್ನು ಅಪಾಚೆಯಲ್ಲಿ ಎರಡೂ ಆವೃತ್ತಿಗೆ ಸಕ್ರಿಯಗೊಳಿಸಿದರೆ ಅಕ್ಷರಕ್ರಮದಲ್ಲಿ ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಸಾಕೆಟ್ ಹೇಳದ ಸೈಟ್‌ಗಳೆಲ್ಲ ಸದ್ದಿಲ್ಲದೆ 8.3ಕ್ಕೆ ಹೋಗಿರುತ್ತವೆ. ಎಲ್ಲ ಸೈಟಿಗೂ ಸಾಕೆಟ್ಟನ್ನು ಬರೆದೇ ಹೇಳುವುದು ಮೇಲು.

ಇಲ್ಲೊಂದು ಅಪಾಯವನ್ನು ಒತ್ತಿ ಹೇಳಬೇಕು. ಹಳೆಯ ಮಾಡ್ಯೂಲ್ ತೆಗೆದು ಹೊಸ ಹ್ಯಾಂಡ್ಲರ್ ಹಾಕುವುದರೊಳಗೆ ಅಪಾಚೆಯನ್ನು ರೀಸ್ಟಾರ್ಟ್ ಮಾಡಿದರೆ ಪಿಎಚ್‌ಪಿ ಫೈಲ್‌ಗಳು ಓಡುವುದಿಲ್ಲ, ಮೂಲ ಕೋಡ್ ರೂಪದಲ್ಲೇ ಬ್ರೌಸರಿಗೆ ಹೋಗುತ್ತವೆ. ವೆಬ್ ಫೋಲ್ಡರಿನ ಯಾವುದೋ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದ್ದರೆ ಅದೂ ಹೊರಗೆ. ಸಂರಚನೆ ಪೂರ್ತಿ ಬರೆದು, ಪರೀಕ್ಷಾ ಆದೇಶದಿಂದ ಸರಿಯಿದೆ ಎಂದು ನೋಡಿಕೊಂಡು, ಒಂದೇ ರೀಸ್ಟಾರ್ಟಿನಲ್ಲಿ ಬದಲಿಸಿ.

ಸೈಟಿಗೊಂದು ಪೂಲ್ (ಎಫ್‌ಪಿಎಂ ವರ್ಕರ್ ಪ್ರೊಸೆಸ್‌ಗಳ ಗುಂಪು), ಪೂಲಿಗೊಬ್ಬ ಬೇರೆ ಲಿನಕ್ಸ್ ಬಳಕೆದಾರ. ಇದು ಐಚ್ಛಿಕವಲ್ಲ. ಅಪ್‌ಡೇಟ್ ನಿಂತ 7.4ರ ಸೈಟಿಗೆ ಯಾರಾದರೂ ನುಗ್ಗಿದರೆ, ಎಲ್ಲ ಸೈಟೂ ಒಂದೇ ಬಳಕೆದಾರನ ಹೆಸರಲ್ಲಿ ಓಡುತ್ತಿದ್ದ ಪಕ್ಷದಲ್ಲಿ 8.3ರ ಹೊಸ ಸೈಟಿನ ಫೈಲ್‌ಗಳೂ ಅವರ ಕೈಗೆ ಸಿಗುತ್ತವೆ. ಸೆಷನ್ ಫೋಲ್ಡರ್ ಕೂಡ ಬೇರೆಯಿರಲಿ. ಡೆಬಿಯನ್, ಉಬುಂಟುಗಳಲ್ಲಿ ಅದು ಡಿಫಾಲ್ಟ್ ಆಗಿ ಎಲ್ಲ ಆವೃತ್ತಿಗಳಿಗೂ ಒಂದೇ. ಬೇರೆ ಮಾಡಿದ ಮೇಲೆ ಹಳೆಯ ಸೆಷನ್ ಫೈಲ್‌ಗಳು ಅಲ್ಲಿ ಗುಡ್ಡೆಯಾಗದಂತೆ ಅಳಿಸುವ ಏರ್ಪಾಡನ್ನೂ ಮಾಡಿ. 7.4ರ ಪೂಲ್ ಫೈಲನ್ನು 8.3ರ ಫೋಲ್ಡರಿಗೆ ನಕಲು ಮಾಡುವವರು ಸಾಕೆಟ್ ಹೆಸರು ಬದಲಿಸಲು ಮರೆಯುತ್ತಾರೆ. ಆಗ ಎರಡನೆಯ ಸರ್ವೀಸ್ ಏಳುವುದೇ ಇಲ್ಲ. ಬೇರೊಂದು ಎಫ್‌ಪಿಎಂ ಈಗಾಗಲೇ ಆ ವಿಳಾಸದಲ್ಲಿ ಕೂತಿದೆ ಎಂದು ಲಾಗ್ ಹೇಳುತ್ತದೆ.

ಮೆಮೊರಿಯ ಲೆಕ್ಕವನ್ನು ಎಲ್ಲ ಆವೃತ್ತಿಗಳನ್ನೂ ಸೇರಿಸಿ ಮಾಡಬೇಕು. 2 ಜಿಬಿ ಯಂತ್ರದಲ್ಲಿ ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ವೆಬ್ ಸರ್ವರ್‌ಗಳಿಗೆಂದು 800 ಎಂಬಿ ಬಿಟ್ಟರೆ ಉಳಿಯುವುದು ಸುಮಾರು 1,250. ಒಂದು ವರ್ಕರ್ 60 ಎಂಬಿ ತಿಂದರೆ ಒಟ್ಟು 20 ವರ್ಕರ್. ಇದು ಎಲ್ಲ ಪೂಲ್‌ಗಳಿಗೂ ಸೇರಿದ ಮಿತಿ. ಮ್ಯಾಕ್ಸ್ ಚಿಲ್ಡ್ರನ್ ಎಂಬ ಅಂಕಿ ಪೂಲಿಗೊಂದರಂತೆ ಇರುವುದರಿಂದ ಮೂರು ಪೂಲಿಗೂ 20 ಬರೆದರೆ ದಟ್ಟಣೆಯ ಹೊತ್ತಿಗೆ ಕರ್ನಲ್ ಯಾವುದಾದರೊಂದು ಪ್ರೊಸೆಸ್ಸನ್ನು ಕೊಲ್ಲುತ್ತದೆ, ಹೆಚ್ಚಾಗಿ ಡೇಟಾಬೇಸನ್ನೇ. ಅಪರೂಪಕ್ಕೆ ಬಳಕೆಯಾಗುವ ಹಳೆಯ ಸೈಟಿಗೆ ಆನ್‌ಡಿಮಾಂಡ್ ವಿಧಾನ ಕೊಡಿ. ಕೋರಿಕೆ ಇಲ್ಲದಾಗ ಅದರ ವರ್ಕರ್‌ಗಳು 10 ಸೆಕೆಂಡಿನಲ್ಲಿ ಹೊರಟುಹೋಗುತ್ತವೆ. ಕಂಪೈಲ್ ಆದ ಕೋಡನ್ನು ಮೆಮೊರಿಯಲ್ಲಿಡುವ ಆಪ್‌ಕ್ಯಾಶ್ ಕೂಡ ಪ್ರತಿ ಆವೃತ್ತಿಗೂ ಪ್ರತ್ಯೇಕ, ಡಿಫಾಲ್ಟ್ 128 ಎಂಬಿ. ಒಂದೇ ಚಿಕ್ಕ ಸೈಟ್ ಉಳಿದಿರುವ ಆವೃತ್ತಿಗೆ 64 ಸಾಕು.

ಸಂರಚನೆ ಮುಗಿಸಿ ಪುಟ ತೆರೆದಾಗ 502 ಎರರ್ ಬಂದರೆ ಊಹೆ ಬೇಡ, ಎಂಜಿನ್‌ಎಕ್ಸ್‌ನ ಎರರ್ ಲಾಗಿನ ಕೊನೆಯ ಸಾಲನ್ನು ಓದಿ. ಕಂಸದಲ್ಲಿ 2 ಇದ್ದರೆ ಸಾಕೆಟ್ ಫೈಲೇ ಇಲ್ಲ: ಸರ್ವೀಸ್ ನಿಂತಿದೆ ಅಥವಾ ಹೆಸರು ತಪ್ಪಿದೆ. 13 ಇದ್ದರೆ ಸಾಕೆಟ್ ಇದೆ, ಮುಟ್ಟಲು ಅನುಮತಿ ಇಲ್ಲ. ಪೂಲ್ ಫೈಲಿನಲ್ಲಿ ಲಿಸನ್ ಓನರ್, ಲಿಸನ್ ಗ್ರೂಪ್ ಎರಡೂ ವೆಬ್ ಸರ್ವರಿನ ಬಳಕೆದಾರನ ಹೆಸರಲ್ಲಿವೆಯೇ ನೋಡಿ. ಅಪಾಚೆಯಲ್ಲಿ ಇದೇ ತೊಂದರೆ 503 ಆಗಿ ಕಾಣುತ್ತದೆ. ಪುಟದಲ್ಲಿ 'ಫೈಲ್ ನಾಟ್ ಫೌಂಡ್' ಎಂಬ ಒಂದೇ ಸಾಲು ಬಂದರೆ ಎಫ್‌ಪಿಎಂವರೆಗೆ ದಾರಿ ಸರಿಯಿದೆ. ಸ್ಕ್ರಿಪ್ಟಿನ ಪೂರ್ಣ ವಿಳಾಸ ತಪ್ಪಿದೆ ಅಥವಾ ಪೂಲಿನ ಬಳಕೆದಾರನಿಗೆ ಆ ಫೋಲ್ಡರಿನೊಳಗೆ ಹೋಗಲು ಅನುಮತಿಯಿಲ್ಲ.

ಸೈಟಿನ ಫೋಲ್ಡರಿನಲ್ಲಿದ್ದು ಅಪಾಚೆ ಓದುವ ಎಚ್‌ಟಿಆಕ್ಸೆಸ್ ಎಂಬ ಸಂರಚನಾ ಫೈಲಿನಲ್ಲಿ ಪಿಎಚ್‌ಪಿ ವ್ಯಾಲ್ಯೂ ಸಾಲುಗಳಿದ್ದರೆ ಎಫ್‌ಪಿಎಂಗೆ ಬಂದ ಕೂಡಲೇ ಸೈಟ್ 500 ಕೊಡುತ್ತದೆ. ಅದು ಒಳ್ಳೆಯದೇ, ಕಣ್ಣಿಗೆ ಬೀಳುತ್ತದೆ. ಅದೇ ಸಾಲುಗಳು ಹಳೆಯ ಮಾಡ್ಯೂಲಿನ ಇಫ್‌ಮಾಡ್ಯೂಲ್ ಬ್ಲಾಕಿನೊಳಗಿದ್ದರೆ ತಪ್ಪು ಬರುವುದಿಲ್ಲ, ಸಾಲುಗಳು ಸುಮ್ಮನೆ ನಿರ್ಲಕ್ಷಿತವಾಗುತ್ತವೆ. ಅಪ್‌ಲೋಡ್ ಮಿತಿ 2 ಎಂಬಿಗೆ, ಪೋಸ್ಟ್ ಮಿತಿ 8 ಎಂಬಿಗೆ ಇಳಿದಿರುತ್ತದೆ. ಅಂಕಪಟ್ಟಿ ಅಪ್‌ಲೋಡ್ ಆಗುತ್ತಿಲ್ಲ ಎಂಬ ದೂರು ಬಂದಾಗಲೇ ಗೊತ್ತಾಗುವುದು. ಈ ಮೌಲ್ಯಗಳನ್ನು ಪೂಲ್ ಫೈಲಿಗೆ ತನ್ನಿ. ಇಲ್ಲವೇ ಸೈಟಿನ ಫೋಲ್ಡರಿನಲ್ಲಿ ಡಾಟ್ ಯೂಸರ್ ಡಾಟ್ ಐಎನ್‌ಐ ಫೈಲ್ ಇಡಿ. ಅದರ ಬದಲಾವಣೆ ಜಾರಿಗೆ ಬರಲು 300 ಸೆಕೆಂಡ್ ಹಿಡಿಯಬಹುದು. ಎಂಜಿನ್‌ಎಕ್ಸ್ ಇದ್ದರೆ ಅದರದೇ ಆದ 1 ಎಂಬಿ ಮಿತಿಯನ್ನೂ ಏರಿಸಬೇಕು.

ವೆಬ್ ಸರಿಯಾಯಿತು ಎಂದು ಕೈ ತೊಳೆದುಕೊಳ್ಳುವ ಮುನ್ನ ಕಮಾಂಡ್ ಲೈನ್ ನೋಡಿ. ಟರ್ಮಿನಲ್ಲಿನಲ್ಲಿ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ, ಲೈಬ್ರರಿಗಳನ್ನು ತರುವ ಕಂಪೋಸರ್‌ನಲ್ಲಿ ಬರಿದೇ 'ಪಿಎಚ್‌ಪಿ' ಎಂದಾಗ ಓಡುವುದು ಸಾಕೆಟ್ಟಿನ ಆವೃತ್ತಿಯಲ್ಲ, ಅಪ್‌ಡೇಟ್-ಆಲ್ಟರ್ನೇಟಿವ್ಸ್ ಎಂಬ ವ್ಯವಸ್ಥೆ ಆರಿಸಿಟ್ಟ ಆವೃತ್ತಿ. ಅದು ಆಟೋ ಸ್ಥಿತಿಯಲ್ಲಿದ್ದರೆ ಅತಿ ಹೊಸದನ್ನೇ ಹಿಡಿಯುತ್ತದೆ. ಯಾವುದೋ ಪ್ಯಾಕೇಜ್ ಅಪ್‌ಡೇಟಿನ ಜೊತೆ 8.4 ನುಸುಳಿದರೆ ನಿನ್ನೆಯವರೆಗೆ ಓಡುತ್ತಿದ್ದ ರಾತ್ರಿಯ ಕ್ರಾನ್ ಇಂದು ಸಾಯುತ್ತದೆ, ಸೈಟ್ ಮಾತ್ರ ಚೆನ್ನಾಗಿಯೇ ಇರುತ್ತದೆ. ಆಲ್ಟರ್ನೇಟಿವ್ಸ್ ಅನ್ನು ಕೈಯಾರೆ ಒಂದು ಆವೃತ್ತಿಗೆ ನಿಲ್ಲಿಸಿ, ಕ್ರಾನ್‌ನ ಪ್ರತಿ ಸಾಲಿನಲ್ಲೂ ಆವೃತ್ತಿ ಸಹಿತ ಪೂರ್ಣ ದಾರಿ ಬರೆಯಿರಿ. ಕಂಪೋಸರ್ ಕೂಡ ಆಯಾ ಸೈಟಿನ ಆವೃತ್ತಿಯಿಂದಲೇ ಓಡಬೇಕು, ಇಲ್ಲದಿದ್ದರೆ 7.4ರ ಸೈಟಿಗೆ 8.3 ಕೇಳುವ ಲೈಬ್ರರಿಗಳು ಇಳಿಯುತ್ತವೆ.

ಈ ಏರ್ಪಾಡಿನ ನಿಜವಾದ ಲಾಭ ಸೈಟ್ ಸಾಗಿಸುವಾಗ ಸಿಗುತ್ತದೆ. ಹಳೆಯ ಸೈಟಿನ ಕೋಡ್ ಮತ್ತು ಡೇಟಾಬೇಸಿನ ಪ್ರತಿಯನ್ನು ಒಂದು ಸಬ್‌ಡೊಮೇನಿಗೆ ಹಾಕಿ 8.3ರ ಸಾಕೆಟ್ಟಿಗೆ ಜೋಡಿಸಿ, ಎರರ್ ಲಾಗ್ ತುಂಬಲು ಬಿಡಿ. 8.0ರಲ್ಲಿ ಕೈಬಿಟ್ಟ 'ಈಚ್' ಮತ್ತು 'ಕ್ರಿಯೇಟ್_ಫಂಕ್ಷನ್' ಎಂಬ ಫಂಕ್ಷನ್‌ಗಳು ತಕ್ಷಣ ಫೇಟಲ್ ಎರರ್ ಕೊಡುತ್ತವೆ, ಹುಡುಕುವುದು ಸುಲಭ. ಕಷ್ಟ ಇರುವುದು ಮೌನವಾದ ಬದಲಾವಣೆಗಳಲ್ಲಿ. ಸೊನ್ನೆಯನ್ನು ಅಕ್ಷರಗಳ ಸ್ಟ್ರಿಂಗಿನೊಂದಿಗೆ ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ 7.4ರಲ್ಲಿ ಸಮ, 8.0ರಿಂದ ಅಸಮ. ಶುಲ್ಕ, ರಿಯಾಯಿತಿ ಲೆಕ್ಕಹಾಕುವ ಹಳೆಯ ಕೋಡಿನಲ್ಲಿ ಇಂಥ ಹೋಲಿಕೆಗಳನ್ನು ಒಂದೊಂದಾಗಿ ನೋಡಬೇಕು. ಡೇಟಾಬೇಸಿಗೆ ಜೋಡಿಸುವ ಮೈಎಸ್‌ಕ್ಯುಎಲ್‌ಐ ಎಕ್ಸ್‌ಟೆನ್ಷನ್ ಪಿಎಚ್‌ಪಿ 8.1ರಿಂದ ತಪ್ಪಾದಾಗ ಎಕ್ಸೆಪ್ಷನ್ ಎಸೆಯುತ್ತದೆ, ಹಾಗಾಗಿ 'ಫಲಿತಾಂಶ ಬರದಿದ್ದರೆ' ಎಂದು ಬರೆದ ಸಾಲುಗಳವರೆಗೆ ಕೋಡ್ ತಲುಪುವುದೇ ಇಲ್ಲ.

ಎಲ್ಲ ಸರಿಯಾದ ಮೇಲೆ ಮುಖ್ಯ ಸೈಟಿನ ಸಾಕೆಟ್ ಸಾಲನ್ನು ಬದಲಿಸಿ ವೆಬ್ ಸರ್ವರನ್ನು ರೀಲೋಡ್ ಮಾಡಿ. ತೊಂದರೆ ಕಂಡರೆ ಅದೇ ಸಾಲನ್ನು ಹಿಂದಕ್ಕೆ ಬದಲಿಸಿದರಾಯಿತು. ಕೊನೆಯ ಸೈಟೂ ಹೊರಟ ಮೇಲೆ ವೆಬ್ ಸರ್ವರಿನ ಸಂರಚನೆಯಲ್ಲಿ ಮತ್ತು ಎಲ್ಲ ಬಳಕೆದಾರರ ಕ್ರಾನ್‌ಗಳಲ್ಲಿ 7.4 ಎಂದು ಹುಡುಕಿ, ಎಲ್ಲೂ ಸಿಗದಿದ್ದರೆ ಅದರ ಎಫ್‌ಪಿಎಂ ಸರ್ವೀಸನ್ನು ನಿಲ್ಲಿಸಿ, ಬೂಟಿನಲ್ಲಿ ಏಳದಂತೆ ಮಾಡಿ. ತಿಂಗಳ ಕೊನೆಗೆ ಓಡುವ ಕೆಲಸಗಳಿದ್ದರೆ ಅವು ಒಮ್ಮೆ ಸರಿಯಾಗಿ ಮುಗಿಯುವವರೆಗೆ ಪ್ಯಾಕೇಜ್ ಅಳಿಸಬೇಡಿ. ಪರ್ಜ್ ಆದೇಶ ಸಂರಚನೆಯನ್ನೂ ಒರೆಸಿಬಿಡಬಹುದು, ಆದ್ದರಿಂದ ಪೂಲ್ ಫೈಲ್‌ಗಳ ಪ್ರತಿಯನ್ನು ಮೊದಲೇ ಬೇರೆಡೆ ಇಟ್ಟುಕೊಂಡು ಆಮೇಲೆ 7.4ರ ಪ್ಯಾಕೇಜ್‌ಗಳನ್ನು ತೆಗೆದುಹಾಕಿ.