ಶುಗರ್ ಇದ್ದವರ ಕಾಲಿನ ಹುಣ್ಣಿಗೆ ಯಾವ ಮುಲಾಮು ಹಚ್ಚಬೇಕು?

ಉಡುಪಿಯ ಓದುಗರೊಬ್ಬರ ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ ಮೂರು ತಿಂಗಳಾಯಿತು. ಅರಿಸಿನ, ಜೇನು, ಮೆಡಿಕಲ್‌ನಿಂದ ತಂದ ಎರಡು ಟ್ಯೂಬ್, ಎಲ್ಲ ಹಚ್ಚಿ ಆಯಿತು. ಒಣಗುತ್ತಲೇ ಇಲ್ಲ. ಯಾವ ಮುಲಾಮು ಒಳ್ಳೆಯದು?

ಮೊದಲು ಒಂದು ವಿಷಯ ನೋಡಿ. ಅಮ್ಮ ಬಚ್ಚಲಿಗೆ ಹೋಗುವಾಗ ಅದೇ ಕಾಲೂರಿ ನಡೆಯುತ್ತಾರಾ?

ನನ್ನ ದೊಡ್ಡಮ್ಮ ನಡೆಯುತ್ತಿದ್ದರು. ಕೆಂಪು ಕಾವಿ ನೆಲದ ಮೇಲೆ ಅವರು ಹೆಜ್ಜೆ ಇಟ್ಟಲ್ಲೆಲ್ಲ ನಾಣ್ಯದಷ್ಟಗಲ ಒದ್ದೆ ಗುರುತು. ಕೇಳಿದರೆ, 'ನೋವೇ ಇಲ್ಲ ಮಾರಾಯ' ಎನ್ನುತ್ತಿದ್ದರು. ಆ ಮಾತಿಗೇ ನಾನು ಹೆದರಬೇಕಿತ್ತು. ಶುಗರ್‌ನಿಂದ ನರ ಸತ್ತ ಕಾಲಿಗೆ ನೋವು ಗೊತ್ತಾಗುವುದಿಲ್ಲ. ಹಾಗಾಗಿ ಗಾಯವನ್ನು ದಿನಾ ತುಳಿಯುತ್ತಲೇ ಇರುತ್ತಾರೆ. ತುಳಿಯುವ ಗಾಯಕ್ಕೆ ಎಷ್ಟು ದುಬಾರಿ ಮುಲಾಮು ಹಚ್ಚಿದರೂ ಸುಮ್ನೆ.

ಅಂಗಾಲಿನ ಹುಣ್ಣಿಗೆ ದೊಡ್ಡ ಮದ್ದು ಎಂದರೆ ಅದರ ಮೇಲೆ ಮೈಭಾರ ಬೀಳದಂತೆ ನೋಡಿಕೊಳ್ಳುವುದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾ. ಪಾಲ್ ಬ್ರಾಂಡ್ ಇಂಥ ಕಾಲಿಗೆ ಮೂಳೆ ಮುರಿದಾಗ ಹಾಕುವಂಥ ಪ್ಲಾಸ್ಟರ್ ಹಾಕಿಯೇ ಹುಣ್ಣು ಮಾಯಿಸುತ್ತಿದ್ದರು. ಅಲ್ಲೂ ಕಥೆ ಇದೇ, ಸ್ಪರ್ಶ ಇಲ್ಲದ ಕಾಲು. ಶುಗರ್ ಹುಣ್ಣಿಗೂ ಇವತ್ತು ಮೊಣಕಾಲಿನವರೆಗಿನ ಪ್ಲಾಸ್ಟರ್ ಅಥವಾ ಬೂಟು ಹಾಕುತ್ತಾರೆ. ಜೊತೆಗೆ ಸುತ್ತ ಗಟ್ಟಿಯಾದ ಚರ್ಮವನ್ನು, ಸತ್ತ ಮಾಂಸವನ್ನು ಡಾಕ್ಟರೇ ಕೆರೆದು ತೆಗೆಯಬೇಕು. ಪಾದಕ್ಕೆ ರಕ್ತ ಹರಿಯುತ್ತಿದೆಯಾ ಎಂದು ಪರೀಕ್ಷೆ ಮಾಡಿಸಬೇಕು. ರಕ್ತವೇ ಬಾರದ ಕಡೆ ಹೊಸ ಚರ್ಮ ಎಲ್ಲಿಂದ ಬಂದೀತು?

ಇನ್ನು ಮುಲಾಮು. ಡಯಾಬಿಟಿಕ್ ಫುಟ್ (ಶುಗರ್‌ನಿಂದ ಪಾದಕ್ಕೆ ಬರುವ ತೊಂದರೆ) ಬಗೆಗಿನ ಅಂತರರಾಷ್ಟ್ರೀಯ ತಜ್ಞರ ಗುಂಪು 2023ರಲ್ಲಿ ಕೊಟ್ಟ ಸಲಹೆ ನೇರವಾಗಿದೆ: ಹುಣ್ಣು ಮಾಯಲಿ ಎಂದು ಜೇನು, ಬೆಳ್ಳಿಯ ಕ್ರೀಮು, ಆಂಟಿಸೆಪ್ಟಿಕ್ ಪಟ್ಟಿ ಹಾಕಬೇಡಿ. ಸೋಂಕಿಲ್ಲದ, ರಕ್ತ ಸಂಚಾರವೂ ಕಡಿಮೆ ಇರುವ ಹುಣ್ಣಿಗೆ ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ವಸ್ತು ಇರುವ ಪಟ್ಟಿ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಅದನ್ನು ಡಾಕ್ಟರ್ ನೋಡಿಯೇ ಹೇಳಬೇಕು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಿ ಕ್ಲೀನ್ ಆಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಹೊಸದಾಗಿ ಹುಟ್ಟುವ ಜೀವಕೋಶಗಳನ್ನೂ ಸುಡುತ್ತದೆ. ಸಲೈನ್‌ನಲ್ಲಿ (ಶುದ್ಧ ಉಪ್ಪುನೀರು) ತೊಳೆದು ಶುಭ್ರ ಪಟ್ಟಿ ಕಟ್ಟಿದರೆ ಸಾಕು.

'ಒಣಗುತ್ತಿಲ್ಲ' ಎಂದು ಬರೆದಿದ್ದೀರಿ. ನಾವೆಲ್ಲ ಹಾಗೇ ಹೇಳುವುದು. ಆ ಮಾತು ನಂಬಿಯೇ ಗಾಯವನ್ನು ಗಾಳಿಗೆ ಬಿಡುತ್ತೇವೆ. ನಿಜಕ್ಕೂ ಈ ಹುಣ್ಣು ಮಾಯಬೇಕು, ಒಣಗಬೇಕಿಲ್ಲ. ಒಳಗೆ ಸ್ವಲ್ಪ ತೇವ ಇದ್ದರೇ ಚರ್ಮ ಬೆಳೆಯುವುದು. ಹಾಗೆಂದು ಮಳೆಗಾಲದಲ್ಲಿ ನೆನೆದ ಚಪ್ಪಲಿ, ನೆನೆದ ಪಟ್ಟಿ ಹಾಕಿಕೊಂಡೇ ಇರಬಾರದು. ಬೆರಳು ಕಪ್ಪಾಗಿ ಒಣಗಿದ್ದರೆ ಮಾತ್ರ ಅದನ್ನು ಒದ್ದೆ ಮಾಡಲೇಬೇಡಿ.

ಮೂರು ತಿಂಗಳು ತುಂಬಾ ಜಾಸ್ತಿ ಆಯಿತು. ಈ ವಾರವೇ ಸರ್ಜನ್‌ಗೆ ತೋರಿಸಿ. ಮಣಿಪಾಲದ ಆಸ್ಪತ್ರೆಯೋ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯೋ, ನಿಮಗೆ ಹತ್ತಿರ ಆದಲ್ಲಿ. ಕೆಂಪು ಹರಡುತ್ತಿದ್ದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ ಅಥವಾ ಜ್ವರ ಬಂದರೆ ಅವತ್ತೇ ಹೊರಡಿ, ರಾತ್ರಿಯಾದರೂ ಸರಿ. ಕಾರಿನವರೆಗೂ ಅಮ್ಮನನ್ನು ನಡೆಸಬೇಡಿ, ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ.