ಬಿ.ಕಾಂ ಓದಿದವರಿಗೆ ಕಾಡಿನಲ್ಲಿ ಕೆಲಸ ಸಿಗುತ್ತದಾ?

ಪ್ರಶ್ನೆ: ನಾನು ಬಿ.ಕಾಂ ಮುಗಿಸಿದ್ದೇನೆ. ನಮ್ಮೂರು ಹುಣಸೂರು ತಾಲ್ಲೂಕಿನ ಕಾಡಂಚಿನಲ್ಲಿದೆ. ವನ್ಯಜೀವಿ ಸಂರಕ್ಷಣೆಯಲ್ಲಿ ಕೆಲಸ ಮಾಡುವ ಆಸೆ. ಸೈನ್ಸ್ ಓದದಿದ್ದರೆ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇಂಟರ್ನ್‌ಶಿಪ್ ಹುಡುಕಿದರೆ ದುಡ್ಡು ಕಟ್ಟಿ ಅನ್ನುವವರೇ ಜಾಸ್ತಿ. ನನ್ನಂಥವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಿಗುತ್ತದೆ. ಸೈನ್ಸ್ ಇಲ್ಲದಿದ್ದರೆ ಕೆಲವು ಬಾಗಿಲು ಮುಚ್ಚಿರುತ್ತವೆ, ನಿಜ. ಆದರೆ ಈ ಪ್ರಶ್ನೆ ಕೇಳುವವರೆಲ್ಲ ಓದಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ, ಊರಿನ ಬಗ್ಗೆ ಒಂದು ಸಾಲು ಹೇಳಿ ಮುಂದೆ ಹೋಗಿಬಿಡುತ್ತಾರೆ. ನನ್ನ ಪ್ರಕಾರ ನಿಮ್ಮ ಕೈಯಲ್ಲಿರುವ ದೊಡ್ಡ ಅರ್ಹತೆ ಆ ಒಂದು ಸಾಲಿನಲ್ಲೇ ಇದೆ. ಕಾಡಂಚಿನ ಊರು, ಅಲ್ಲಿನ ಮಾತು, ರಾತ್ರಿ ರಾಗಿ ಹೊಲಕ್ಕೆ ಆನೆ ಇಳಿದರೆ ಮನೆಮಂದಿ ಏನು ಮಾಡುತ್ತಾರೆ ಅನ್ನುವ ತಿಳಿವಳಿಕೆ. ಹೊರಗಿನಿಂದ ಎಂ.ಎಸ್ಸಿ ಮಾಡಿಕೊಂಡು ಬಂದವರಿಗೆ ಇದನ್ನು ಕಲಿಯಲು ವರ್ಷಗಳು ಬೇಕು.

ಮೊದಲು ಮುಚ್ಚಿದ ಬಾಗಿಲುಗಳನ್ನು ಹೇಳಿಬಿಡುತ್ತೇನೆ, ಸುಮ್ನೆ ಸಮಯ ಹಾಳಾಗಬಾರದು. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆ ಪರೀಕ್ಷೆಗೆ ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯದಂಥ ವಿಷಯಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಬೇಕು. ಸಾಮಾನ್ಯ ಬಿ.ಕಾಂ ಇದರೊಳಗೆ ಬರುವುದಿಲ್ಲ. ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ ಹುದ್ದೆಯ ನೇರ ನೇಮಕಾತಿಯಲ್ಲೂ ದೊಡ್ಡ ಪಾಲು ಶಿರಸಿ, ಪೊನ್ನಂಪೇಟೆಯಂಥ ಅರಣ್ಯ ಕಾಲೇಜುಗಳಲ್ಲಿ ಓದಿದವರಿಗೇ ಹೋಗುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಗಳಲ್ಲಿ ವನ್ಯಜೀವಿ ಎಂ.ಎಸ್ಸಿ ಇದೆ. ಅವು ವಿಜ್ಞಾನಿ ಆಗುವವರ ದಾರಿ. ಆ ಆಸೆ ಇದ್ದರೆ ಅರ್ಹತೆಯ ನಿಯಮ ಓದಿ ನೋಡಿ. ಇಲ್ಲದಿದ್ದರೆ ಮುಂದೆ ಹೋಗೋಣ.

ಇಲಾಖೆಯಲ್ಲೇ ತೆರೆದಿರುವ ಬಾಗಿಲು ಅಂದರೆ ಗಸ್ತು ಅರಣ್ಯ ಪಾಲಕ. ಮೊದಲು ಇದನ್ನೇ ಅರಣ್ಯ ರಕ್ಷಕ ಅನ್ನುತ್ತಿದ್ದರು, ಜನ ಈಗಲೂ ಗಾರ್ಡ್ ಅಂತಲೇ ಕರೆಯುತ್ತಾರೆ. ಪಿಯುಸಿ ಸಾಕು. 2023ರಲ್ಲಿ ಅರಣ್ಯ ವೀಕ್ಷಕ, ಅಂದರೆ ವಾಚರ್ ಹುದ್ದೆಗೆ ಅರ್ಜಿ ಕರೆದಾಗ ಎಸ್‌ಎಸ್‌ಎಲ್‌ಸಿ ಸಾಕಾಗಿತ್ತು. ಪದವಿ ಮುಗಿಸಿದವರು ಈ ಹುದ್ದೆಗಳನ್ನು ತಿರುಗಿ ನೋಡುವುದಿಲ್ಲ. ನನಗೆ ಅದು ಅರ್ಥವೇ ಆಗುವುದಿಲ್ಲ. ಕಾಡು ಕಾಯುವ ಕೆಲಸ ನಿಜವಾಗಿ ನಡೆಯುವುದು ಬೀಟಿನಲ್ಲಿ, ಅಂದರೆ ಗಸ್ತು ತಿರುಗುವ ಕಾಡಿನ ತುಂಡಿನಲ್ಲಿ, ಆಫೀಸಿನಲ್ಲಿ ಅಲ್ಲ. ಒಬ್ಬ ಗಾರ್ಡ್‌ಗೆ ಒಂದು ಬೀಟ್. ಅಲ್ಲಿನ ಹಳ್ಳ, ಕೆರೆ, ಆನೆ ದಾರಿ, ಒಳಗೆ ನುಸುಳುವವರ ದಾರಿ ಎಲ್ಲ ಅವರಿಗೆ ಗೊತ್ತಿರಬೇಕು. ದೇಶದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹುಲಿ ಗಣತಿ ನಡೆಯುತ್ತದಲ್ಲ, ಅದರ ಮೊದಲ ಹಂತ ಮಾಡುವವರು ಇವರೇ. ಮೂರು ದಿನ ದಿನಕ್ಕೆ 5 ಕಿಲೋಮೀಟರ್ ನಡೆದು ಹೆಜ್ಜೆ, ಲದ್ದಿ, ಮರದ ಮೇಲಿನ ಉಗುರಿನ ಗೀರು ಹುಡುಕಿ ಮೊಬೈಲ್ ಆ್ಯಪ್‌ನಲ್ಲಿ ದಾಖಲು ಮಾಡಬೇಕು. ಆಮೇಲೆ 2 ಕಿಲೋಮೀಟರ್‌ನ ನೇರ ಗೆರೆಯಲ್ಲಿ ಬೆಳಗ್ಗೆ ಬೆಳಗ್ಗೆ ಸದ್ದಿಲ್ಲದೆ ನಡೆದು ಜಿಂಕೆ, ಕಡವೆ, ಕಾಟಿ ಎಣಿಸಬೇಕು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಅಂತ ಪೇಪರಿನಲ್ಲಿ ಬಂತಲ್ಲ, ಆ ಲೆಕ್ಕ ಶುರುವಾಗಿದ್ದು ಈ ನಡಿಗೆಯಿಂದ.

ಕಷ್ಟವೂ ಅಷ್ಟೇ ಇದೆ. ಕಳ್ಳಬೇಟೆ ತಡೆ ಶಿಬಿರದಲ್ಲಿ ವಾರಗಟ್ಟಲೆ ಇರಬೇಕು. ನೆಟ್‌ವರ್ಕ್ ಇಲ್ಲ, ಅಡುಗೆ ನೀವೇ ಮಾಡಿಕೊಳ್ಳಬೇಕು, ಹಬ್ಬಕ್ಕೆ ರಜೆ ಸಿಕ್ಕರೆ ಪುಣ್ಯ. ಬೇಸಿಗೆಗೆ ಮೊದಲು ಬೆಂಕಿ ರೇಖೆ ಮಾಡಬೇಕು, ಅಂದರೆ ಬೆಂಕಿ ದಾಟದ ಹಾಗೆ ಹುಲ್ಲು, ತರಗೆಲೆ ತೆಗೆದ ಪಟ್ಟಿ. ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ನಾಲ್ಕು ಸಾವಿರ ಹೆಕ್ಟೇರಿಗೂ ಜಾಸ್ತಿ ಸುಟ್ಟಾಗ ಹಸಿ ಸೊಪ್ಪು ಹಿಡಿದು ಬಡಿದವರು ಈ ಜನ, ಜೊತೆಗೆ ಓಡಿಬಂದ ಸ್ವಯಂಸೇವಕರು. ವಾಚರ್‌ಗಳಲ್ಲಿ ಎಷ್ಟೋ ಮಂದಿ ಹೊರಗುತ್ತಿಗೆಯವರು. ಸಂಬಳ ತಡವಾಯಿತು ಅನ್ನುವ ದೂರು ಆಗಾಗ ಕೇಳಿಬರುತ್ತದೆ. ಸೇರುವಾಗ ಕಾಯಂ ಹುದ್ದೆಯೋ, ಹೊರಗುತ್ತಿಗೆಯೋ ಅನ್ನುವುದನ್ನು ಬಿಡಿಸಿ ಕೇಳಿ. ವಯಸ್ಸಿನ ಮಿತಿಯೂ ಇದೆ, ಆದ್ದರಿಂದ ಇಲಾಖೆಯ ಪ್ರಕಟಣೆ ಮೇಲೆ ಕಣ್ಣಿಟ್ಟಿರಿ.

ಸರ್ಕಾರ ಬೇಡ ಅಂದರೆ ಸಂಸ್ಥೆಗಳಿವೆ, ಅದೂ ನಿಮ್ಮ ಹತ್ತಿರದಲ್ಲೇ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮೈಸೂರಿನದು. ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಬೆಂಗಳೂರಿನದು, ಬಿಳಿಗಿರಿರಂಗನ ಬೆಟ್ಟದಲ್ಲಿ ಅದರ ಕ್ಷೇತ್ರ ಕೇಂದ್ರವಿದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಅನ್ನು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1984ರಲ್ಲಿ ಶುರು ಮಾಡಿದರು. ಅವರ ಸಂಶೋಧನೆಯ ಮುಖ್ಯ ಜಾಗ ನಾಗರಹೊಳೆ, ಅಂದರೆ ನಿಮ್ಮ ಹಿತ್ತಲು. ಮಳೆಕಾಡು ನೋಡಬೇಕು ಅನ್ನುವವರಿಗೆ ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಕಟ್ಟಿದ ಸಂಶೋಧನಾ ಕೇಂದ್ರ ಇದೆ.

ಇಲ್ಲಿ ನಿಮ್ಮಂಥವರಿಗೆ ಏನು ಕೆಲಸ? ಒಂದನ್ನು ಬಿಡಿಸಿ ಹೇಳುತ್ತೇನೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರು 2015ರಲ್ಲಿ ವೈಲ್ಡ್ ಸೇವೆ ಅಂತ ಒಂದು ಕಾರ್ಯಕ್ರಮ ಶುರು ಮಾಡಿದರು. ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಯವರು ಬೆಳೆ ಹೋದರೆ, ದನ ಹೋದರೆ ಉಚಿತ ಸಹಾಯವಾಣಿಗೆ ಫೋನ್ ಮಾಡುತ್ತಾರೆ. ಪರಿಹಾರದ ಅರ್ಜಿ ಹಾಕಲು ಸಹಾಯ ಮಾಡುವುದು ಕೆಲಸ. ಈಗ ಚಿರತೆ ಒಂದು ಕರು ಹಿಡಿದಿದೆ ಅಂದುಕೊಳ್ಳಿ. ಇಂಥ ಕೆಲಸದಲ್ಲಿರುವವರು ಬೈಕ್ ಹತ್ತಿ ಹೊರಡಬೇಕು. ಕರುವನ್ನು ಹೂಳುವ ಮೊದಲೇ ಫೋಟೊ ಆಗಬೇಕು, ಕುತ್ತಿಗೆಯ ಮೇಲಿನ ಹಲ್ಲಿನ ಗುರುತು ಕಾಣುವ ಹಾಗೆ. ಜಿಪಿಎಸ್ ಬಿಂದು ತೆಗೆದುಕೊಳ್ಳಬೇಕು. ಪಶುವೈದ್ಯರಿಗೂ ಗಾರ್ಡ್‌ಗೂ ಸುದ್ದಿ ಮುಟ್ಟಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಬೆಳೆ ನಷ್ಟವಾದರೆ ಪಹಣಿ, ಇವೆಲ್ಲ ಸೇರಬೇಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ, ಅಲ್ಲಿ ಅರ್ಜಿ ನಿಂತುಹೋಗುತ್ತದೆ. ಎದುರಿಗೆ ಮನೆಯ ಅಮ್ಮ ಅಳುತ್ತಿರುತ್ತಾರೆ, ಅವರ ಮಗ ಸಿಟ್ಟಿನಲ್ಲಿ “ನಿಮ್ಮ ಚಿರತೆ ನೀವೇ ಇಟ್ಕೊಳ್ಳಿ” ಅನ್ನುತ್ತಿರುತ್ತಾನೆ. ಆಗ ಪ್ರಾಣಿಶಾಸ್ತ್ರ ಉಪಯೋಗಕ್ಕೆ ಬರುವುದಿಲ್ಲ. “ಕೂತ್ಕೊಳ್ಳಣ್ಣ, ಮಾತಾಡೋಣ” ಅಂತ ಹೇಳಲು ಬರಬೇಕು. ಪರಿಹಾರ ಕೈಗೆ ಬಂದ ಮನೆಯವರು ಸತ್ತ ಕರುವಿಗೆ ವಿಷ ಸವರುವ ಯೋಚನೆ ಬಿಡುವ ಸಾಧ್ಯತೆ ಜಾಸ್ತಿ. ಚಿರತೆ ಉಳಿಯುವುದು ಹೀಗೆ.

ಇನ್ನೊಂದು ಕೆಲಸ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಹಾದುಹೋದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ. ಕೇಳಲು ಚೆಂದ. ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ, ಏಕೆಂದರೆ ಹುಲಿಯ ಎಡಮೈಯ ಪಟ್ಟೆ ಬೇರೆ, ಬಲಮೈಯ ಪಟ್ಟೆ ಬೇರೆ. ಆದರೆ ಇಂಟರ್ನ್ ಪಾಲಿಗೆ ಬರುವುದು ಹೆಚ್ಚಾಗಿ ಆಮೇಲಿನ ಭಾಗ. ಮೆಮೊರಿ ಕಾರ್ಡ್ ಖಾಲಿ ಮಾಡುವುದು, ಯಾವ ಫೋಟೊ ಯಾವ ಜಾಗದ್ದು ಅಂತ ಹೆಸರು ಹಾಕುವುದು, ದನ, ಜಿಂಕೆ, ಗಾಳಿಗೆ ಅಲುಗಿದ ಹುಲ್ಲು ಇವುಗಳ ಸಾವಿರಾರು ಫೋಟೊ ಬೇರೆ ಮಾಡುವುದು. ಹುಲಿ ಬಂದರೆ ಅಂದು ಹಬ್ಬ. ಎಕ್ಸೆಲ್ ಚೆನ್ನಾಗಿ ಬಂದರೆ ನಿಮ್ಮನ್ನು ಬಿಡುವುದೇ ಇಲ್ಲ.

ಎಕ್ಸೆಲ್ ಅಂದಾಗ ನೆನಪಾಯಿತು, ನಿಮ್ಮ ಬಿ.ಕಾಂ. ಸಂರಕ್ಷಣಾ ಸಂಸ್ಥೆಗಳು ನಡೆಯುವುದು ಅನುದಾನದ ಮೇಲೆ. ವಿದೇಶದ ದುಡ್ಡು ಬಂದರೆ ಎಫ್‌ಸಿಆರ್‌ಎ ಕಾಯ್ದೆಯ ಲೆಕ್ಕ ಬೇರೆ, ಕಂಪನಿಗಳ ಸಿಎಸ್‌ಆರ್ ದುಡ್ಡಿನ ಲೆಕ್ಕ ಬೇರೆ, ಸರ್ಕಾರದ ಪ್ರಾಜೆಕ್ಟ್ ಆದರೆ ಬಳಕೆ ಪ್ರಮಾಣಪತ್ರ ಕೊಡಬೇಕು. ಕಾಡಿನಲ್ಲಿ ಜೀಪಿಗೆ ಡೀಸೆಲ್ ಹಾಕಿಸಿದ ರಸೀದಿ ಮಳೆಗೆ ನೆನೆದು ಅಳಿಸಿಹೋಗಿರುತ್ತದೆ, ಅದಕ್ಕೂ ಉತ್ತರ ಕೊಡುವವರು ಬೇಕು. ಹಕ್ಕಿ ಗೊತ್ತಿರುವವರು ಬೇಕಾದಷ್ಟು ಸಿಗುತ್ತಾರೆ. ಕಾಡಿನ ಕೆಲಸ ಗೊತ್ತಿದ್ದು ಲೆಕ್ಕವೂ ಬರುವವರು ಕಡಿಮೆ. ಅಕೌಂಟ್ಸ್ ಸಹಾಯಕರಾಗಿ ಸೇರಿ, ಕ್ಷೇತ್ರ ಕೇಂದ್ರದ ಉಸ್ತುವಾರಿಗೆ ಹೋಗುವುದು ಅಸಾಧ್ಯವೇನಲ್ಲ. ಯಾರೂ ಈ ದಾರಿ ಹೇಳಿಕೊಡುವುದಿಲ್ಲ, ಯಾಕೆಂದರೆ ಇದರಲ್ಲಿ ಫೋಟೊ ಹಾಕಿಕೊಳ್ಳುವಂಥದ್ದು ಏನೂ ಇಲ್ಲ.

ಈಗ ದುಡ್ಡು ಕಟ್ಟುವ ಇಂಟರ್ನ್‌ಶಿಪ್. ಊಟ, ವಸತಿಯ ಖರ್ಚನ್ನು ನೀವೇ ಹಾಕಿಕೊಳ್ಳಿ ಅಂತ ಕೆಲವು ಒಳ್ಳೆಯ ಕೇಂದ್ರಗಳೂ ಕೇಳುತ್ತವೆ. ದಿನಕ್ಕೆ ಇಷ್ಟು ಅಂತ ಲೆಕ್ಕ ಕೊಟ್ಟರೆ ಅದು ಸರಿಯೇ. ಆದರೆ ಸರ್ಟಿಫಿಕೇಟ್, ಟೀ ಶರ್ಟ್, ಸಫಾರಿ ಸೇರಿ ದೊಡ್ಡ ಮೊತ್ತ ಕೇಳಿದರೆ ಅದು ಪ್ರವಾಸ, ಇಂಟರ್ನ್‌ಶಿಪ್ ಅಲ್ಲ. ಪ್ರವಾಸಕ್ಕೆ ಹೋಗಲೇಬಾರದು ಅಂತಲ್ಲ, ಹೋಗುವಾಗ ಗೊತ್ತಿರಲಿ ಅಷ್ಟೇ. ಪರೀಕ್ಷೆ ಮಾಡಲು ಸುಲಭದ ಪ್ರಶ್ನೆ ಒಂದಿದೆ: “ನಿಮ್ಮ ಪರ್ಮಿಟ್ ಯಾರ ಹೆಸರಿನಲ್ಲಿದೆ?” ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಸರಿಯಾದ ಸಂಸ್ಥೆ ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಡುತ್ತದೆ. ಬಂದ ಮೊದಲ ದಿನವೇ ಕೈಗೆ ಹಾವು ಕೊಟ್ಟು ಫೋಟೊ ತೆಗೆಯುವ ಜಾಗವಾದರೆ ಬ್ಯಾಗ್ ಬಿಚ್ಚಬೇಡಿ.

ಅನುಭವ ಇಲ್ಲದೆ ಕೆಲಸ ಕೊಡಲ್ಲ, ಕೆಲಸ ಇಲ್ಲದೆ ಅನುಭವ ಬರಲ್ಲ, ಅಲ್ವಾ? ಇಲ್ಲಿ ಹಕ್ಕಿಗಳು ಕೈ ಹಿಡಿಯುತ್ತವೆ. ಜನವರಿಯಲ್ಲಿ ನೀರಹಕ್ಕಿ ಗಣತಿ ನಡೆಯುತ್ತದೆ, ಫೆಬ್ರುವರಿಯಲ್ಲಿ ಹಿತ್ತಲ ಹಕ್ಕಿ ಎಣಿಕೆ. ಕಂಡ ಹಕ್ಕಿಗಳನ್ನು ದಾಖಲು ಮಾಡುವ ಇ-ಬರ್ಡ್ ಆ್ಯಪ್ ಉಚಿತ. ಮೈಸೂರಿನ ಹಕ್ಕಿಪ್ರಿಯರು 2014ರಿಂದ 2016ರ ತನಕ ಊರನ್ನೇ ಚೌಕ ಚೌಕ ಮಾಡಿಕೊಂಡು ಹಕ್ಕಿ ಎಣಿಸಿ ನಗರದ ಹಕ್ಕಿ ಅಟ್ಲಾಸ್ ಮಾಡಿದರು. ಅವರು ನಿಮಗೆ ಒಂದು ಬಸ್ಸಿನ ದೂರ. ನಿಮ್ಮೂರ ಕೆರೆಯನ್ನು ಒಂದು ವರ್ಷ ಪ್ರತಿ ವಾರ ಎಣಿಸಿ ದಾಖಲಿಸಿದರೆ, ಆ ಪಟ್ಟಿಗೆ ಯಾವ ಸರ್ಟಿಫಿಕೇಟಿಗಿಂತಲೂ ಬೆಲೆ ಜಾಸ್ತಿ. ಶಿಸ್ತು ಇದೆ ಅಂತ ಅದೇ ಹೇಳುತ್ತದೆ. ಜೊತೆಗೆ ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ನಕ್ಷೆ ಮಾಡಲು ಕಲಿಯಿರಿ. ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ವನ್ಯಜೀವಿ ಪಾಠಗಳು ದುಡ್ಡಿಲ್ಲದೆ ಸಿಗುತ್ತವೆ. ಬೈಕಿನ ಲೈಸೆನ್ಸ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ತಮಾಷೆಗೆ ಹೇಳುತ್ತಿಲ್ಲ.

ಜೇನುಕುರುಬರ ಹಾಡಿ ನಿಮ್ಮ ಹತ್ತಿರ ಇರುತ್ತದೆ. ಅವರಲ್ಲಿ ಮಾವುತರು, ಕಾವಾಡಿಗಳು, ವಾಚರ್‌ಗಳು ಎಷ್ಟೋ ಜನ. ಸಂಶೋಧಕರು ಹೆಜ್ಜೆ ಗುರುತು ಕಲಿಯುವುದು ಇಂಥವರ ಹಿಂದೆ ನಡೆದೇ. ಆದರೆ ಬರೆದ ಲೇಖನದಲ್ಲಿ ಅವರಿಗೆ ಸಿಗುವುದು ಕೊನೆಯ ಪುಟದ ಒಂದು ಧನ್ಯವಾದ. ನೀವು ಪರಿಚಯ ಮಾಡಿಕೊಂಡು ಹೋಗಿ, ಕಲಿಯಿರಿ.

ಜನರಿಗೆ ಕಾಡು ತೋರಿಸುವ ಕೆಲಸವೂ ಇದೆ. 1980ರಲ್ಲಿ ಶುರುವಾದ ಸರ್ಕಾರದ ಜಂಗಲ್ ಲಾಡ್ಜಸ್‌ನಲ್ಲೂ ಕಬಿನಿ ಕಡೆಯ ಖಾಸಗಿ ರೆಸಾರ್ಟ್‌ಗಳಲ್ಲೂ ನ್ಯಾಚುರಲಿಸ್ಟ್ ಹುದ್ದೆಗಳಿರುತ್ತವೆ. ಮಾತು ಚೆನ್ನಾಗಿ ಬರಬೇಕು, ಇಂಗ್ಲಿಷ್ ಸ್ವಲ್ಪ ಬೇಕು. ಟ್ರೆಕಿಂಗ್ ಕಡೆ ಒಲವಿದ್ದರೆ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ತರಬೇತಿ ನೋಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಕಟ್ಟುಪಾಡು ಬಂತು. ಜೊತೆಗೆ ಹೋಗುವ ಸ್ಥಳೀಯ ಗೈಡ್‌ಗಳ ಅಗತ್ಯ ಇದರಿಂದ ಇನ್ನೂ ಹೆಚ್ಚುತ್ತದೆ.

ಸಂಬಳದ ವಿಷಯದಲ್ಲಿ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ನೆಟ್ ಪರೀಕ್ಷೆ ಪಾಸಾದ ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧಕರಿಗೆ, 2023ರಿಂದ ತಿಂಗಳಿಗೆ 37,000 ರೂಪಾಯಿ, ಅದು ಸ್ನಾತಕೋತ್ತರರಿಗೆ. ಶುರುವಿನ ಕ್ಷೇತ್ರ ಸಹಾಯಕರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಮನೆಯಲ್ಲಿ ಸಾಲ ಇದ್ದರೆ ಬೇರೆ ಕೆಲಸದಲ್ಲಿದ್ದುಕೊಂಡೇ ಶನಿವಾರ, ಭಾನುವಾರ ಇದನ್ನು ಕಲಿಯಿರಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಸಂಸ್ಥೆಗೆ ಬರೆಯುವಾಗ “ನನಗೆ ಚಿಕ್ಕಂದಿನಿಂದ ಪ್ರಾಣಿ ಅಂದರೆ ಪ್ರೀತಿ” ಅಂತ ಶುರು ಮಾಡಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಅವರ ಯಾವ ಕೆಲಸ ಓದಿದ್ದೀರಿ, ನಿಮ್ಮ ಊರು ಎಲ್ಲಿದೆ, ಏನು ಬರುತ್ತದೆ, ಯಾವ ತಿಂಗಳಿಂದ ಯಾವ ತಿಂಗಳ ತನಕ ಬಿಡುವಿದೆ, ಇಷ್ಟು ಬರೆದರೆ ಸಾಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ. ಎಷ್ಟೋ ಸಲ ಅವರು ನೆಟ್‌ವರ್ಕ್ ಇಲ್ಲದ ಕಡೆ ಇರುತ್ತಾರೆ.

ಬನ್ನಿ ಅಂದಮೇಲೆ ನೀವು ಕೇಳಬೇಕಾದದ್ದೂ ಇದೆ. ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ 2018ರ ಮಾರ್ಚ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ಆನೆ ದಾಳಿಗೆ ಬಲಿಯಾದರು. ಅಷ್ಟು ಅನುಭವ ಇದ್ದವರಿಗೇ ಹಾಗಾಯಿತು. ಆದ್ದರಿಂದ ವಿಮೆ ಇದೆಯಾ, ಒಬ್ಬರನ್ನೇ ಕಾಡಿಗೆ ಕಳಿಸುತ್ತಾರಾ, ಸಂಜೆ ವಾಪಸ್ ಬರದಿದ್ದರೆ ಹುಡುಕಿಕೊಂಡು ಬರುವವರು ಯಾರು ಅಂತ ಕೇಳಿ. ಹಾವಿನ ವಿಷಕ್ಕೆ ಔಷಧಿ ಇರುವ ಆಸ್ಪತ್ರೆ ಎಷ್ಟು ದೂರ ಅಂತಲೂ ಕೇಳಿ. ಶಿವಮೊಗ್ಗ, ಉತ್ತರ ಕನ್ನಡದ ಕಡೆ ಹೋಗುವುದಾದರೆ ಮಂಗನ ಕಾಯಿಲೆ ಬಗ್ಗೆ ತಿಳಿದುಕೊಂಡು ಹೋಗಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಕಾಯಿಲೆ ಇದು, ಉಣುಗಿನಿಂದ ಹರಡುತ್ತದೆ, ಚಳಿಗಾಲದಿಂದ ಬೇಸಿಗೆ ತನಕ ಜಾಸ್ತಿ. ಆ ತಿಂಗಳುಗಳಲ್ಲಿ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ, ಹಚ್ಚಿಕೊಳ್ಳಿ. ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಆಗಲೇ ನೆನೆಸಿಡಿ, ನಾಳೆಗೆ ಅಂತ ಮೂಲೆಗೆ ಎಸೆಯಬೇಡಿ.